ಒಂದು ಹಿಡಿ ತೊಗರಿಬೇಳೆ

ಇಂಡಿ ಪಟ್ಟಣದ ಚರಿತ್ರೆಯನ್ನು ಬರೆಯುವ ಮಹಾನುಭಾವರು ಮುಂದೆ ಎಂದಾದರೂ ಹುಟ್ಟಿದರೆ ಈ ಬುಧವಾರಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಡಬೇಕಾಗುತ್ತದೆ. ಅಂದು ಬೆಳಗಿನ ಹೊತ್ತು, ಕಲ್ಮೇಶ ಮಾಸ್ತರನ ಮನೆಯ ಪಡಸಾಲೆಯಲ್ಲಿ, ಹಿರಿಯರ ಸಮಕ್ಷಮದಲ್ಲಿ, ಒಂದು ಹಿಡಿ ತೊಗರಿಬೇಳೆ ಬೇಯಲು ಒಪ್ಪಲಿಲ್ಲ.

ಮಾತಿಗೆ ಹೇಳುವ ಬೇಳೆಯಲ್ಲ. ದೇವಣಗಾಂವದ ಎರೆಹೊಲದಲ್ಲಿ ಬೆಳೆದು, ಗುಂಡವ್ವನ ಸೆರಗಿನ ಗಂಟಿನಲ್ಲಿ ಬಸ್ಸು ಹತ್ತಿ ಬಂದಿದ್ದ ಸಾಕ್ಷಾತ್ ಬೇಳೆ.

ನೀರು ಕುದಿಯುತ್ತಿತ್ತು. ನೊರೆ ಎದ್ದು ಬೋಗುಣಿಯ ಅಂಚಿಗೆ ಬಂದು ಇಳಿಯುತ್ತಿತ್ತು. ಬೇಳೆ ಮಾತ್ರ ಮೇಲೆ ಕೆಳಗೆ ಓಡಾಡಿಕೊಂಡು, ಹಾಕಿದಾಗ ಹೇಗಿತ್ತೋ ಹಾಗೇ ಇತ್ತು.

"ಕುಕ್ಕರಿಗೆ ಹಾಕಬೇಕಿತ್ರಿ ಅವ್ವಾರ," ಎಂದಳು ಮನೆಯೊಡತಿ ಜಯಮಾಲಾ.

"ಕುಕ್ಕರ ಬ್ಯಾಡವ್ವ. ಅದು ಕಲ್ಲನ್ನೂ ಕುದಸ್ತೈತಿ. ಅದರ ಮಾತು ನಂಬಾಕ ಬರಂಗಿಲ್ಲ."

ಈ ಸೀಮೆಯಲ್ಲಿ ಮನೆ ಕೊಳ್ಳುವ ಗಂಡಸರು ರಸ್ತೆ ನೋಡುತ್ತಾರೆ, ದಿಕ್ಕು ನೋಡುತ್ತಾರೆ, ಉತಾರದ ಕಾಗದ ನೋಡುತ್ತಾರೆ. ಗುಂಡವ್ವನ ವಯಸ್ಸಿನ ಹೆಂಗಸರು ಕೇಳುವುದು ಒಂದೇ: ಈ ಮನೆಯ ನೀರಿನಲ್ಲಿ ಬೇಳೆ ಬೇಯುತ್ತದೋ ಇಲ್ಲವೋ? ಸವುಳು ನೀರಿನಲ್ಲಿ ಬೇಯುವುದಿಲ್ಲ. ಒಂದೇ ಗೋಡೆಯ ಆಚೆ ಬೋರಿನಲ್ಲಿ ಸಿಹಿ, ಈಚೆ ಬೋರಿನಲ್ಲಿ ಉಪ್ಪು ಬರುವ ನೆಲ ಇದು. ಬೇಳೆ ಕುದಿಸಿ ನೋಡಿಯೇ ಮಾತು ಎಂದು ಗುಂಡವ್ವ ಮೊದಲೇ ಹೇಳಿ ಕಳಿಸಿದ್ದಳು. ಬೋಗುಣಿಯನ್ನೂ ತನ್ನ ಮನೆಯಿಂದಲೇ ತಂದಿದ್ದಳು.

ಆಕೆ ಸೌಟಿನಿಂದ ಒಂದು ಕಾಳು ತೆಗೆದು ಬೆರಳಿನಲ್ಲಿ ಒತ್ತಿದಳು. ಒತ್ತಿದ್ದು ಬೆರಳಿಗೇ ಆಯಿತು. ಇನ್ನೊಂದನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು. ಅಗಿಯುತ್ತಾ ಜಯಮಾಲಾಳ ಮುಖವನ್ನು ಒಮ್ಮೆ, ಒಂದೇ ಒಮ್ಮೆ, ನೋಡಿದಳು. ಆಮೇಲೆ ನುಂಗಿದಳು.

"ನಡಿ ಭೀಮ್ಯಾ. ಈ ಮನಿ ನೀರು ನಮಗ ಹತ್ತಂಗಿಲ್ಲ."

ಮಗ ಭೀಮಶ್ಯಾ ಮಾಸ್ತರ ಧಡಕ್ಕನೆ ಎದ್ದು ನಿಂತ. ಕಲ್ಮೇಶ ಕಲಿಸುವ ಶಾಲೆಯಲ್ಲೇ ಗಣಿತ ಕಲಿಸುವವನು. "ತಪ್ಪ ತಿಳ್ಕೋಬ್ಯಾಡ್ರಿ ಸರ್. ನಮ್ಮವ್ವ ಹಳೀ ಕಾಲದಾಕಿ," ಎಂದು ಎಲ್ಲರ ಬಳಿ ಕ್ಷಮೆ ಕೇಳಿದ. ಗುಂಡವ್ವ ಬೇಳೆಯನ್ನು ಒಂದು ತಾಟಿಗೆ ಬಸಿದು ಇಟ್ಟು, ಬೋಗುಣಿ ಒರೆಸಿಕೊಂಡು, ಮಗನ ಹಿಂದೆ ಮೆಟ್ಟಿಲು ಇಳಿದಳು.

ಮೂಲೆಯ ಕುರ್ಚಿಯಲ್ಲಿ ಕುಳಿತು ಇದನ್ನೆಲ್ಲ ನೋಡಿದವನು ಖಂಡೆಪ್ಪ, ಜಯಮಾಲಾಳ ತಂದೆ, ಮುದ್ದೇಬಿಹಾಳದ ನಿವೃತ್ತ ಫೌಜದಾರ. ಮನೆ ಮಾರುವ ವ್ಯವಹಾರಕ್ಕೆ ಹಿರಿಯರೊಬ್ಬರು ಇರಲಿ ಎಂದು ಅಳಿಯ ಹಿಂದಿನ ದಿನವಷ್ಟೇ ಕರೆಸಿಕೊಂಡಿದ್ದ.

"ಮುಗೀತ್ರಿ ಮಾವಾರ," ಎಂದು ಕಲ್ಮೇಶ ತಲೆಗೆ ಕೈ ಹಚ್ಚಿ ಕುಳಿತ.

ಮುಗಿದಂತೆಯೇ ಇತ್ತು. ಸಿಂದಗಿ ರಸ್ತೆಯಲ್ಲಿ ಶ್ರೀಶೈಲಪ್ಪನ ದೊಡ್ಡ ಮನೆ ಮಾರಾಟಕ್ಕಿತ್ತು. ಗಾಳಿ ಬೆಳಕಿನ ಕೋಣೆಗಳು, ಹಿತ್ತಲು, ಮೇಲೊಂದು ಮಾಳಿಗೆ. ಈ ಸಣ್ಣ ಮನೆಯಲ್ಲಿ ಕಲ್ಮೇಶನ ಮಕ್ಕಳು ಪರೀಕ್ಷೆಗೆ ಓದುತ್ತಿದ್ದದ್ದು ಮಾಳಿಗೆಯ ಮೆಟ್ಟಿಲ ಮೇಲೆ, ಮೇಲಿನ ಮೆಟ್ಟಿಲು ದೊಡ್ಡವಳಿಗೆ, ಕೆಳಗಿನದು ಸಣ್ಣವನಿಗೆ. ಸಣ್ಣದು ಹೋಗದೆ ದೊಡ್ಡದು ಬರುವಂತಿರಲಿಲ್ಲ. ಭೀಮಶ್ಯಾ ಇಲ್ಲಿ ಸಂಚಕಾರ, ಅಂದರೆ ಮುಂಗಡ, ಕೊಟ್ಟರೆ ಅದನ್ನೇ ಒಯ್ದು ಅಲ್ಲಿ ಕೊಡುವ ಲೆಕ್ಕ. "ಬುಧವಾರ ಹೊತ್ತು ಮುಳಗೂ ತನಕ ನಿಮ್ಮ ಹಾದಿ ನೋಡತೇನಿ, ಆಮ್ಯಾಲ ಯಾರ ಮೊದಲ ಬರ್ತಾರೋ ಅವರಿಗೆ," ಎಂದಿದ್ದ ಶ್ರೀಶೈಲಪ್ಪ.

"ಇದು ಬಾಜೂ ಅಂಗಡಿ ಬಾಬುಲಾಲಂದ ಕೆಲಸ," ಎಂದ ಕಲ್ಮೇಶ ತಲೆ ಎತ್ತದೆ. "ನೀರಿನ ಟಾಕಿಗೆ ಉಪ್ಪು ಸುರವ್ಯಾನ. ಈ ಮನಿ ಮ್ಯಾಲ ಅವನ ಕಣ್ಣೈತ್ರಿ, ಗೋದಾಮ ಮಾಡಾಕ. ಗಿರಾಕಿ ಓಡಿಹೋದ್ರ ಸಸ್ತಾದಾಗ ಹೊಡಕೋಬೇಕು ಅಂತಾನ. ನೀವ ಪತ್ತೆ ಹಚ್ಚಿ ಭೀಮಶ್ಯಾಗ ಒಂದ ಮಾತ ಹೇಳ್ರಿ. ಫೌಜದಾರರ ಮಾತು ಅಂದ್ರ ನಂಬ್ತಾನ."

ಖಂಡೆಪ್ಪ ಕನ್ನಡಕ ಒರೆಸಿಕೊಂಡ. ನಿವೃತ್ತಿಯಾದ ಮೇಲೆ ಅವನಿಗೆ ಸಿಕ್ಕ ದೊಡ್ಡ ಪ್ರಕರಣವೆಂದರೆ ಮೊಮ್ಮಗನ ಚಪ್ಪಲಿ. ಅದೂ ಮನೆಯಲ್ಲೇ ಸಿಕ್ಕಿತ್ತು.

ಬಾಬುಲಾಲನ ಕಿರಾಣಿ ಅಂಗಡಿಯ ಮಾಳಿಗೆಗೂ ಈ ಮನೆಯ ಮಾಳಿಗೆಗೂ ನಡುವೆ ಇದ್ದದ್ದು ಮೊಣಕಾಲೆತ್ತರದ ಗೋಡೆ. ಆಚೆ ಬದಿಗೆ, ಗೋಡೆಗೆ ಒರಗಿಕೊಂಡು, ಬಾಯಿ ಬಿಚ್ಚಿದ ಹರಳುಪ್ಪಿನ ಚೀಲವೊಂದು ಕುಳಿತಿತ್ತು. ಸಾಕ್ಷಿಗಳು ಇಷ್ಟು ಬೇಗ ಸಿಗುವುದನ್ನು ಖಂಡೆಪ್ಪ ಎಂದೂ ಇಷ್ಟಪಟ್ಟವನಲ್ಲ.

"ಉಪ್ಪಿನ ಚೀಲ ನನ್ನ ಮಾಳಗಿ ಮ್ಯಾಲ ಇರದ ಮತ್ತ ಪೋಸ್ಟಾಫೀಸಿನ್ಯಾಗ ಇರ್ತೈತೇನ್ರಿ ಸಾಹೇಬ್ರ?" ಬಾಬುಲಾಲ ಮೆಟ್ಟಿಲೇರಿ ಬಂದು ಏದುಸಿರು ಬಿಡುತ್ತಾ ಹೇಳಿದ. "ಹಸಿ ಆಗಿತ್ತು, ಬಿಸಲಿಗೆ ಇಟ್ಟೀನಿ."

"ಟಾಕಿಗೆ ಹಾಕಿದಿ ಅಂತಾರಲ್ಲ."

"ನಾ ಹಾಕಿದ್ರ ಬಿಲ್ ಕೊಡತಿದ್ದಿಲ್ಲೇನ್ರಿ? ಪುಕಟ ಉಪ್ಪು ಹಾಕೂ ಮಂದಿ ನಾವಲ್ಲ." ಅವನು ನಕ್ಕ. ಆಮೇಲೆ ನಗುವುದನ್ನು ಬಿಟ್ಟ. "ಮನಿ ಮ್ಯಾಲ ಕಣ್ಣಿತ್ರಿ, ಸುಳ್ಳ ಯಾಕ ಹೇಳಲಿ. ಆದ್ರ ಭೀಮಶ್ಯಾ ಮಾಸ್ತರು ನನ್ನ ಗಿರಾಕಿ. ತಿಂಗಳಾ ಒಂದನೇ ತಾರೀಖಿಗೆ ಉದ್ರಿ ಚುಕ್ತಾ. ಅಂಥಾವರು ಬಾಜೂಕ ಬಂದ್ರ ನನಗ ಲುಕ್ಸಾನ ಏನ್ರಿ?"

ಖಂಡೆಪ್ಪ ಟಾಕಿಯ ಮುಚ್ಚಳ ತೆಗೆದು, ಅಂಗೈಯಲ್ಲಿ ನೀರು ಮೊಗೆದು ಕುಡಿದ. ಸಿಹಿ. ಕೆಳಗಿಳಿದು ಅಂಗಳದ ನಳದ ನೀರು ಕುಡಿದ. ಸಿಹಿ. ಬೆಳಿಗ್ಗೆ ಬಂದ ತಕ್ಷಣ ಗುಂಡವ್ವ ಕೂಡ ಇದೇ ನಳದಲ್ಲಿ ಬಾಯಿ ಮುಕ್ಕಳಿಸಿ, ಗುಟುಕು ಕುಡಿದು, ತಲೆದೂಗಿದ್ದು ಅವನಿಗೆ ನೆನಪಿತ್ತು.

ಬಾಬುಲಾಲನ ಅಂಗಡಿಯಿಂದ ಒಂದು ಹಿಡಿ ಬೇಳೆ ತಂದ. ಅದೇ ಒಲೆ. ಅಂಗಳದ ನಳದ ನೀರು. ಖಂಡೆಪ್ಪ ಮಂಡಿಯೂರಿ ಒಲೆಯ ಮುಂದೆ ಕುಳಿತ. ಬಾಬುಲಾಲ ತನ್ನ ಬೇಳೆಯ ಮಾನದ ಪ್ರಶ್ನೆ ಎಂಬಂತೆ ಬಗ್ಗಿ ನಿಂತ. ಬೇಳೆ ಉಬ್ಬಿತು, ಒಡೆಯಿತು, ಕೊನೆಗೆ ಕರಗಿ ಗಂಜಿಯಾಯಿತು.

"ನೋಡ್ರಿ!" ಎಂದ ಬಾಬುಲಾಲ ಎದೆಯುಬ್ಬಿಸಿ, ಅಂಗಡಿಗೆ ಇಳಿದುಹೋದ.

"ಹಂಗಾರ ಆಕಿ ಬ್ಯಾಳಿನ ಖೊಟ್ಟಿ," ಎಂದ ಕಲ್ಮೇಶ. ಅವನು ಅದನ್ನು ಸ್ವಲ್ಪ ಬೇಗನೇ ಹೇಳಿದ.

ಗುಂಡವ್ವ ಬಸಿದಿಟ್ಟು ಹೋಗಿದ್ದ ತಾಟು ಪಡಸಾಲೆಯಲ್ಲೇ ಇತ್ತು. ಖಂಡೆಪ್ಪ ಒಂದು ಕಾಳು ಎತ್ತಿ ಬಾಯಿಗೆ ಹಾಕಿಕೊಂಡು ಅಗಿದ.

ಉಪ್ಪಲ್ಲ. ಹುಳಿ.

ಹುಣಸೆಹಣ್ಣನ್ನು ಬೇಳೆ ಬೆಂದ ಮೇಲೆ ಹಾಕುತ್ತಾರೆ, ಮೊದಲೇ ಹಾಕಿದರೆ ಬೇಳೆ ಬಿರುಸಾಗಿಯೇ ಉಳಿಯುತ್ತದೆ ಎಂಬುದು ಅಡುಗೆ ಮಾಡದ ಖಂಡೆಪ್ಪನಿಗೂ ಗೊತ್ತಿತ್ತು. ಹೆಂಡತಿ ಬದುಕಿದ್ದಾಗ ಇದೇ ವಿಷಯಕ್ಕೆ ಸೊಸೆಗೆ ಬೈದದ್ದನ್ನು ಕೇಳಿದ್ದ. ಈ ಹುಳಿಗೆ ಹುಣಸೆಯ ಬಣ್ಣವಿರಲಿಲ್ಲ. ಬಚ್ಚಲ ಪಕ್ಕದ ಕಸದ ಬುಟ್ಟಿಯಲ್ಲಿ ಹಿಂಡಿ ಬಿಸಾಡಿದ ನಿಂಬೆಹೋಳುಗಳಿದ್ದವು. ನಿಂಬೆ ಬೆಳೆಗೇ ಹೆಸರಾದ ಇಂಡಿಯಲ್ಲಿ ಅದರ ಸಿಪ್ಪೆ ಸಿಕ್ಕರೆ ಅದು ಸಾಕ್ಷಿಯಲ್ಲ, ಊರಿನ ಗುರುತು. ಆದರೆ ಬೆಳಿಗ್ಗೆ ಬಂದವರಿಗೆ ಕೊಟ್ಟದ್ದು ಚಹಾ. ಶರಬತ್ತು ಯಾರೂ ಕುಡಿದಿರಲಿಲ್ಲ.

ಆಗ ಅವನಿಗೆ ಬೆಳಗಿನ ಇನ್ನೊಂದು ಗಳಿಗೆ ನೆನಪಾಯಿತು. ನೆನಪಾಗದೆ ಇದ್ದಿದ್ದರೆ ಒಳ್ಳೆಯದಿತ್ತು.

ಗುಂಡವ್ವ ಬೋಗುಣಿ ಹಿಡಿದುಕೊಂಡು ನೀರಿಗೆಂದು ಅಡುಗೆಮನೆಯ ಕಡೆ ನಡೆದಿದ್ದಳು. ಜಯಮಾಲಾ ಮುಂದೆ ಬಂದು, ಬಾಗಿಲ ಚೌಕಟ್ಟಿಗೆ ಕೈ ಅಡ್ಡ ಇಟ್ಟು, ನಗುನಗುತ್ತಾ ಹೇಳಿದ್ದಳು: "ಕುಂದರ್ರಿ ಅವ್ವಾರ, ನಿಮಗ್ಯಾಕ ತ್ರಾಸ, ನಾನ ತರ್ತೇನಿ. ಒಳಗ ಸೆಕಿ ಭಾಳ ಐತಿ, ಒಲಿ ಪಡಸಾಲಿಗೇ ತರಸ್ತೇನಿ."

ಅದನ್ನು ನೋಡಿ ಖಂಡೆಪ್ಪ ಮನಸ್ಸಿನಲ್ಲೇ ಹಿಗ್ಗಿದ್ದ. ಮಗಳಿಗೆ ಎಂಥ ಸಂಸ್ಕಾರ ಕೊಟ್ಟಿದ್ದೇನೆ ಎಂದುಕೊಂಡಿದ್ದ. ಆಯುಷ್ಯವೆಲ್ಲ ಬಾಗಿಲು, ಕಿಟಕಿ, ಕೈ, ಕಾಲುಗಳ ಗುರುತು ನೋಡಿದ ಫೌಜದಾರ, ಕಣ್ಣೆದುರಿಗೇ ಅಡ್ಡ ಬಂದ ಕೈಯನ್ನು ಮರ್ಯಾದೆ ಎಂದು ಓದಿದ್ದ.

ಅವನು ತಾಟು ಹಿಡಿದುಕೊಂಡು ಅಡುಗೆಮನೆಗೆ ಹೋದ. ಜಯಮಾಲಾ ಬೆನ್ನು ಹಾಕಿ ಹಿಟ್ಟು ನಾದುತ್ತಿದ್ದಳು. ಕಲ್ಮೇಶ ಹಿಂದೆಯೇ ಬಂದು ಬಾಗಿಲಲ್ಲಿ ನಿಂತ.

"ಜಯಾ, ಬ್ಯಾಳಿಗೆ ನೀರು ಎಲ್ಲಿಂದ ಕೊಟ್ಟಿ?"

"ಒಳಗಿನ ಕೊಡದಿಂದ."

"ಅಂಗಳದಾಗ ನಳ ಇತ್ತಲ್ಲ?"

"ಕೊಡದಾಂದು ತಂಪ ಇರ್ತೈತಪ್ಪ."

"ಕುದಸೂ ನೀರಿಗೆ ತಂಪು ಯಾಕ ಬೇಕವ್ವ?"

ನಾದುವ ಕೈ ನಿಂತಿತು.

"ಎಷ್ಟು ಹಣ್ಣ ಹಿಂಡಿದಿ?"

ಅವಳು ತಂದೆಯನ್ನು ನೋಡಲಿಲ್ಲ, ಗಂಡನನ್ನು ನೋಡಿದಳು. ಠಾಣೆಯಲ್ಲಿ ಇಂಥ ನೋಟವೊಂದು ಸಿಕ್ಕರೆ ಖಂಡೆಪ್ಪ ಚಹಾ ತರಿಸುತ್ತಿದ್ದ, ಪ್ರಕರಣ ಮುಗಿಯಿತೆಂದು.

"ಕೈಗೆ ಸಿಕ್ಕಷ್ಟು," ಎಂದಳು.

"ಆಕಿಗೇನ ಅನಬ್ಯಾಡ್ರಿ ಮಾವಾರ," ಎಂದ ಕಲ್ಮೇಶ ಬಾಗಿಲಿಂದ. "ನಾನ ಹೇಳಿದ್ದು. ಸೋಮವಾರ ಶ್ರೀಶೈಲಪ್ಪನ ಫೋನ್ ಬಂತ್ರಿ. ನಿಮ್ಮ ಮನಿ ಎಂಥಾವರಿಗೆ ಕೊಡಾಕತ್ತೀರಿ ಅಂತ ಗೊತ್ತಾಗೇತಿ, ಅವರಿಗೆ ಕೊಟ್ಟು ಬಂದ್ರ ನನ್ನ ಮನಿ ನಿಮಗಿಲ್ಲ ಅಂದ. ನಾ ಏನ ಮಾಡ್ಲಿ? ಭೀಮಶ್ಯಾಗ ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ. ದಿನಾ ಬಾಜೂಕ ಕುಂದರಾವ. ಅವರ ತಾವಾಗೇ ಬ್ಯಾಡ ಅಂದು ಹೋದ್ರ ಯಾರಿಗೂ ಬ್ಯಾಸರಿಲ್ಲ ಅಂದ್ಕೊಂಡೆ."

"ಶ್ರೀಶೈಲಪ್ಪನ ಮಾತು ಇವತ್ತ ಹೊತ್ತು ಮುಳಗೂ ತನಕ ಅಷ್ಟ ಅಲ್ಲ?"

"ಅವ ಹೇಳಿದಂಗ ಕೇಳಿದೆ ಅಂದ್ರ ಇನ್ನೊಂದ ತಿಂಗಳ ಕಾಯ್ತಾನ ಬಿಡ್ರಿ."

"ನನ್ನ ಕರಸಿದ್ದು?"

ಕಲ್ಮೇಶ ಚೌಕಟ್ಟಿನ ಬಣ್ಣವನ್ನು ಉಗುರಿನಿಂದ ಕೆರೆದ. "ನೀವು ಬಾಬುಲಾಲನ ಹೆಸರ ಹೇಳಿದ್ರ... ಭೀಮಶ್ಯಾ ಬ್ಯಾರೆ ಏನೂ ತಿಳ್ಕೋತಿದ್ದಿಲ್ಲ."

ಪ್ರತಿ ಬಸವ ಜಯಂತಿಗೆ ಶಾಲೆಯಲ್ಲಿ ಭಾಷಣ ಕಲ್ಮೇಶನದೇ. ಮೇಲು ಕೀಳಿನ ಮಾತು ಬಂದಾಗ ಅವನ ಕಂಠ ತುಂಬಿ ಬರುತ್ತದೆ. ಒಂದು ವರ್ಷ ಖಂಡೆಪ್ಪನೂ ಹೋಗಿ ಕೇಳಿದ್ದ. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ್ದು ಭೀಮಶ್ಯಾ ಮಾಸ್ತರ.

"ಆತು," ಎಂದ ಖಂಡೆಪ್ಪ, ಮಗಳ ಕಡೆ ತಿರುಗಿ. "ನಿಂಬಿಹಣ್ಣು ಹಿಂಡು ಅಂತ ನಿನ್ನ ಗಂಡ ಹೇಳಿದ. ಬಾಗಲಕ್ಕ ಕೈ ಅಡ್ಡ ಇಡು ಅಂತ ಯಾರ ಹೇಳಿದ್ರು?"

"ಯಾವ ಕೈ?"

ಅವಳು ನಿಜವಾಗಿಯೂ ಕೇಳುತ್ತಿದ್ದಳು. ಸುಳ್ಳು ಹೇಳುವವರ ಮುಖವನ್ನು ಖಂಡೆಪ್ಪ ಬಲ್ಲ. ಇದು ಆ ಮುಖವಲ್ಲ.

"ಆಕಿ ಒಳಗ ಬರೂಮುಂದ. ಇಲ್ಲಿ. ಹಿಂಗ." ಅವನು ತನ್ನ ಕೈಯನ್ನು ಚೌಕಟ್ಟಿಗೆ ಇಟ್ಟು ತೋರಿಸಿದ.

ಜಯಮಾಲಾ ಆ ಕೈಯನ್ನು ನೋಡಿದಳು. ಹಿಟ್ಟು ಮೆತ್ತಿದ ತನ್ನ ಕೈಯನ್ನು ನೋಡಿಕೊಂಡಳು. "ಒಳಗ ಬರಬ್ಯಾಡ್ರಿ ಅಂತ ನಾ ಎಲ್ಲಿ ಅಂದೆ? ಕುಂದರ್ರಿ ಅಂದೆ. ನಮ್ಮವ್ವ ಹಂಗ ಅಂತಿದ್ಳಲ್ಲಪ್ಪ, ಅವರ ಮಂದಿ ಯಾರರೆ ಬಂದ್ರ. ನೀನೂ ಅಲ್ಲೇ ಪೇಪರ ಓದಕೋತ ಕುಂತಿರತಿದ್ದಿ."

ಖಂಡೆಪ್ಪ ಕೈಯನ್ನು ಚೌಕಟ್ಟಿನಿಂದ ತೆಗೆದ. ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡ.

"ನಾ ಹೋಗಿ ಹೇಳಿ ಬರ್ತೇನಿ," ಎಂದ.

"ಏನಂತ?" ಕಲ್ಮೇಶನ ಧ್ವನಿ ಏರಿತು. "ಮಾವಾರ, ನಾಳೆ ನಾ ಸಾಲಿಗೆ ಹೋಗಬೇಕ್ರಿ! ಸ್ಟಾಫ್ ರೂಮಿನ್ಯಾಗ ಅವನ ಮಾರಿ ಹೆಂಗ ನೋಡ್ಲಿ?"

"ನೋಡೂದು ನಿನ್ನ ಪಾಲಿಗೆ ಬಂದದ್ದು. ನಾ ಹೇಳೂದಷ್ಟ ಹೇಳತೇನಿ."

ಗಟ್ಟಿಯಾಗಿ ಹೊರಟವನು ಇಂಡಿಯ ಪೇಟೆಯಲ್ಲಿ ಎರಡು ಸಲ ಚಹಾ ಕುಡಿದ, ಒಂದು ಸಲ ಬೇಡದ ಓಣಿಯೊಂದಕ್ಕೆ ತಿರುಗಿ ವಾಪಸಾದ. ಕಳ್ಳರ ಮನೆಗೆ ಹೋಗುವಾಗ ಅವನ ಕಾಲು ಎಂದೂ ಹೀಗೆ ಮಾಡಿರಲಿಲ್ಲ. ಭೀಮಶ್ಯಾ ಬಾಡಿಗೆಗಿದ್ದ ಮನೆ ಮುಟ್ಟಿದಾಗ ಬೀದಿ ದೀಪ ಹತ್ತುವ ಹೊತ್ತಾಗಿತ್ತು. ಕಟ್ಟೆಗಳ ಮೇಲೆ ಓಣಿಯ ಹೆಂಗಸರು ಕುಳಿತು ಸೊಪ್ಪು ಸೋಸುತ್ತಿದ್ದರು. ಬಾಗಿಲು ತೆರೆದಿತ್ತು.

"ಬರ್ರಿ ಸಾಹೇಬ್ರ, ಒಳಗ ಬರ್ರಿ," ಎಂದಳು ಗುಂಡವ್ವ. ಒಳಗ ಎಂಬ ಮಾತು ಅವನ ಕಿವಿಗೆ ತಟ್ಟಿತು.

ಅವನು ಕುಳಿತುಕೊಳ್ಳಲಿಲ್ಲ. "ಗುಂಡವ್ವಾರ, ಬ್ಯಾಳಿ ಕುದೀಲಿಲ್ಲಲ್ಲ, ಅದು ನೀರಿಂದಲ್ರಿ. ಅದರಾಗ..."

"ಹುಳಿ ಇತ್ತು," ಎಂದಳು ಆಕೆ ದನಿ ತಗ್ಗಿಸಿ. "ಒಲಿ ಮುಂದ ಮುಪ್ಪಾಗೀನ್ರಿ ಸಾಹೇಬ್ರ. ಬಾಯಿಗೆ ಹಾಕಿದ ಕೂಡ್ಲೆ ಗೊತ್ತಾತು."

"ಮತ್ತ ಅಲ್ಲೇ ಯಾಕ ಅನಲಿಲ್ರಿ?"

"ಅಂದಿದ್ರ ಏನಾಗ್ತಿತ್ರಿ? ನನ್ನ ಮಗ ನಾಳೆ ಅದೇ ಸಾಲಿಗೆ ಹೋಗಬೇಕು, ನಿಮ್ಮ ಅಳಿಯಾನ ಬಾಜೂಕ ಕುಂದರಬೇಕು. ಅವನಿಗಿನ್ನೂ ಹೇಳಿಲ್ಲ ನಾ. ನೀರಿಂದ ಅಂತನ ತಿಳದಾನ. ನೀವೂ ಹೇಳಬ್ಯಾಡ್ರಿ."

ಆಕೆ ತಂಬಿಗೆಯಲ್ಲಿ ನೀರು ತಂದುಕೊಟ್ಟಳು. ಖಂಡೆಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದ.

"ನಮ್ಮ ಕಲ್ಮೇಶಂದು ತಪ್ಪೈತಿ, ಇಲ್ಲ ಅನ್ನಂಗಿಲ್ಲ. ಆದ್ರ ಅವನ ಮ್ಯಾಲೂ ಒತ್ತಾಯ ಇತ್ರಿ," ಎಂದ. ಹೇಳುವಾಗಲೇ ಅದು ಸವಕಲು ಮಾತೆನಿಸಿತು. "ಶ್ರೀಶೈಲಪ್ಪ ಫೋನ್ ಮಾಡಿ..."

"ಶ್ರೀಶೈಲಪ್ಪಾರಾ? ಮಧ್ಯಾಹ್ನ ಅವರ ಮನಿ ನೋಡಿ ಬಂದ್ವಿ, ಈಗ ಅವರ ಇಲ್ಲೇ ಅದಾರಲ್ರಿ," ಎಂದು ಗುಂಡವ್ವ ಒಳಕೋಣೆಯ ಪರದೆ ಸರಿಸಿದಳು.

ಒಳಗೆ ಕುರ್ಚಿಯ ಮೇಲೆ, ಬಿಳಿ ಟೋಪಿಯ ಮುದುಕನೊಬ್ಬ ಬಸಿಯಲ್ಲಿ ಚಹಾ ಸುರಿದುಕೊಂಡು ಕುಡಿಯುತ್ತಿದ್ದ. ಎದುರಿಗೆ ಭೀಮಶ್ಯಾ. ಇಬ್ಬರ ನಡುವೆ ಸಣ್ಣ ಮೇಜಿನ ಮೇಲೆ ಎಲೆ ಅಡಿಕೆ, ಒಂದು ತೆಂಗಿನಕಾಯಿ.

"ನಮಸ್ಕಾರ್ರಿ," ಎಂದ ಖಂಡೆಪ್ಪ. "ಒಂದ ಮಾತು ಕೇಳೂದಿತ್ರಿ. ಕಲ್ಮೇಶಗ ಸೋಮವಾರ ನೀವು..."

"ಏನು?"

"ಫೋನ್ ಮಾಡಿದ್ರೇನ್ರಿ ಅಂತ..."

"ಜೋರ ಹೇಳ್ರಿ! ಈ ಕಿವಿ ಪೂರಾ ಹೋಗೇತಿ, ಆ ಕಿವಿ ಅರ್ಧ ಐತಿ!"

ಖಂಡೆಪ್ಪ ಬಗ್ಗಿ, ಅರ್ಧ ಇದ್ದ ಕಿವಿಗೆ ಬಾಯಿ ಹಚ್ಚಿದ. ಸಾಲಲಿಲ್ಲ. ಮತ್ತೆ ಹೇಳಿದ. ಸಾಲಲಿಲ್ಲ. ಕೊನೆಗೆ, ಠಾಣೆಯ ಅಂಗಳದಲ್ಲಿ ಪರೇಡಿಗೆ ಇಟ್ಟುಕೊಂಡಿದ್ದ ಆ ಹಳೆಯ ಧ್ವನಿಯನ್ನು ತೆಗೆದು ಕೂಗಿದ: "ಇವರಿಗೆ ಮನಿ ಮಾರಬ್ಯಾಡ ಅಂತ ನಮ್ಮ ಅಳಿಯಾಗ ಫೋನ್ ಮಾಡಿದ್ರೇನ್ರಿ?"

ಕಟ್ಟೆಯ ಮೇಲೆ ಸೊಪ್ಪು ಸೋಸುವ ಕೈಗಳು ನಿಂತವು. ಗುಂಡವ್ವ ಕಣ್ಣು ಮುಚ್ಚಿಕೊಂಡಳು. ಬೇಳೆ ಯಾಕೆ ಬೇಯಲಿಲ್ಲ ಎಂಬುದು ಭೀಮಶ್ಯಾನ ಮುಖದ ಮೇಲೆ ನಿಧಾನವಾಗಿ ಏರಿ ಬಂತು, ಮೊದಲು ಹಣೆಗೆ, ಆಮೇಲೆ ಕಣ್ಣಿಗೆ. ಹೇಳಬ್ಯಾಡ್ರಿ ಎಂದು ಆಕೆ ಕೇಳಿಕೊಂಡು ಇನ್ನೂ ಚಹಾ ಆರುವಷ್ಟು ಹೊತ್ತಾಗಿರಲಿಲ್ಲ.

"ಫೋನಾ?" ಶ್ರೀಶೈಲಪ್ಪ ಗಹಗಹಿಸಿ ನಕ್ಕ. ಅವನೊಬ್ಬನೇ ನಕ್ಕ. "ಈ ಕಿವಿಗೆ ಫೋನ್ ಯಾಕ್ರಿ? ನನ್ನ ಹತ್ರ ಫೋನ ಇಲ್ಲ. ನಿಮ್ಮ ಅಳಿಯಾಗ ಗೊತ್ತಿಲ್ಲೇನು? ದೀಪಾವಳಿಯಿಂದ ನನ್ನ ಮನಿಗೆ ಅಡ್ಡಾಡ್ಯಾನ, ನನ್ನ ಕಿವ್ಯಾಗ ಒದರಿ ಒದರಿ ಗಂಟಲ ಕೆಡಿಸಿಕೊಂಡಾನ!"

ಖಂಡೆಪ್ಪ ಹೊರಗೆ ಬಂದು ಕಟ್ಟೆಗೆ ಒರಗಿ ನಿಂತ. ಹೆಂಗಸರು ಅವನನ್ನು ನೋಡಲಿಲ್ಲ. ನೋಡದೆ ಇರುವುದಕ್ಕೆ ಬಹಳ ಶ್ರಮಪಟ್ಟರು. ಅವನು ಅಳಿಯನಿಗೆ ಫೋನ್ ಹಚ್ಚಿದ.

"ಕಲ್ಮೇಶಾ, ಸೋಮವಾರ ನಿನಗ ಫೋನ್ ಮಾಡಿದವ ಯಾರು?"

ಆಚೆಯಿಂದ ಉಸಿರಾಟ ಕೇಳಿತು.

"ಯಾರರೆ ಮಾಡಿದ್ರೋ, ಇಲ್ಲೋ?"

ಆಚೆ ಜಯಮಾಲಾಳ ಧ್ವನಿ, "ಯಾರ್ರೀ?" ಎಂದು ಕೇಳುತ್ತಿತ್ತು. ಫೋನ್ ಕಟ್ಟಾಯಿತು. ಮತ್ತೆ ಹಚ್ಚಿದ. ಸ್ವಿಚ್ಡ್ ಆಫ್ ಇತ್ತು.

ಒಳಗೆ ಯಾರೋ ಕಾಯಿ ಒಡೆದರು. ಮಾರುವ ಮನೆ ಇಲ್ಲದವರಿಗೆ ಕೊಳ್ಳುವುದು ಸುಲಭ. ಭೀಮಶ್ಯಾನ ಬ್ಯಾಂಕಿನ ಸಾಲ ಮೊದಲೇ ಮಂಜೂರಾಗಿತ್ತು, ಹೊತ್ತೂ ಮುಳುಗಿತ್ತು. ಸಿಂದಗಿ ರಸ್ತೆಯ ದೊಡ್ಡ ಮನೆಗೆ ಶ್ರೀಶೈಲಪ್ಪ ಅವನಿಂದ ಸಂಚಕಾರ ತೆಗೆದುಕೊಂಡ. ಕಲ್ಮೇಶನ ಮನೆ ಮಾರಾಟವಾಗಲಿಲ್ಲ.